ಬಾಣಂತನ: ಮನೆಮಂದಿಯ ಹೊಣೆ

ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆದೊಯ್ಯುವುದು ನಮ್ಮ ಹಿಂದಿನ ವಾಡಿಕೆ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಬಾಣಂತನವು ಇಲ್ಲಿಯ ಮನೆಯಲ್ಲಿಯೇ ನಡೆಯುವುದೂ ಉಂಟು. ಆಗ ಆರೈಕೆಯ ಹೊಣೆ ಅಜ್ಜಿಯೊಬ್ಬಳದಲ್ಲ, ಪತಿಯದೂ ಹೌದು.

ಮಗುವಿಗೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಆರಂಭಿಸಿ, 6 ತಿಂಗಳವರೆಗೆ ಅದನ್ನೇ ಕೊಡಬೇಕು. ಜೇನುತುಪ್ಪ, ಬಜೆ ಬೇಡ. ಪಥ್ಯದ ಹೆಸರಿನಲ್ಲಿ ಬಾಣಂತಿಗೆ ನೀರು ಕಡಿಮೆ ಮಾಡಬಾರದು. ಅತಿಯಾದ ರಕ್ತಸ್ರಾವ, ಜ್ವರ, ತೀವ್ರ ತಲೆನೋವು, ಕಣ್ಣು ಮಂಜಾಗುವುದು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ತುರ್ತು ವಾಹನಕ್ಕೆ ದೂರವಾಣಿ 108.

ಮೊದಲ ದಿನಗಳ ಅಳು ಸಹಜ. ಎರಡು ವಾರ ಮೀರಿದ ದುಗುಡವು ಕಾಯಿಲೆಯಾಗಿರಬಹುದು, ಅದಕ್ಕೆ ಚಿಕಿತ್ಸೆಯಿದೆ. 2022ರಲ್ಲಿ ಆರಂಭವಾದ ಸರಕಾರದ ‘ಟೆಲಿ ಮಾನಸ್’ ಸಹಾಯವಾಣಿಯಲ್ಲಿ (14416) ಕನ್ನಡದಲ್ಲಿಯೂ ಮಾತನಾಡಬಹುದು.