ತೂತಿನ ಕಾಸಿನ ಕಾಲ

ಹಳೆಯ ಮನೆಗಳ ಪೆಟ್ಟಿಗೆಗಳನ್ನು ತೆಗೆದು ಶೋಧಿಸುವವರಿಗೆ ಒಮ್ಮೊಮ್ಮೆ ನಡುವೆ ದೊಡ್ಡ ತೂತುಳ್ಳ, ಉಂಗುರದಂತಹ ಒಂದು ಸಣ್ಣ ಕಂಚಿನ ಬಿಲ್ಲೆಯು ಕೈಗೆ ಸಿಕ್ಕುವುದುಂಟು. ಅದರ ಮೇಲೆ ದೊರೆಯ ಮುಖವಿಲ್ಲ; ಒಂದು ಕಿರೀಟವೂ 1943ರಿಂದ 1947ರ ವರೆಗಿನ ಯಾವುದಾದರೊಂದು ಇಸವಿಯೂ ಕಾಣುತ್ತವೆ. ಮಕ್ಕಳು ಇದನ್ನು ಉಡಿದಾರಕ್ಕೆ ಕಟ್ಟಿಕೊಂಡು ಆಡಿದರು. ಬೈಸಿಕಲ್ಲು ರಿಪೇರಿಯವರು ತಿರುಪಿನ ಕೆಳಗೆ ಹಾಕುವುದಕ್ಕೆ ಅನುಕೂಲವೆಂದು ಕೂಡಿಟ್ಟರು. ಇದು ಒಂದು ಪೈಸೆ. ಎಂದರೆ ಆಣೆಯಲ್ಲಿ ಕಾಲು ಭಾಗ, ರೂಪಾಯಿಯಲ್ಲಿ ಅರುವತ್ತನಾಲ್ಕನೆಯ ಒಂದು ಪಾಲು. ನಾಣ್ಯಸಂಗ್ರಹಕಾರರು ಇದಕ್ಕೆ ಹೆಚ್ಚಿನ ಬೆಲೆಯನ್ನೇನೂ ಕಟ್ಟುವುದಿಲ್ಲ. ಆದರೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ಮನೆಮನೆಗಳನ್ನು ಹೊಕ್ಕ ತುಟ್ಟಿಯ ಚರಿತ್ರೆಯನ್ನು ಬರೆಯಹೊರಟವನು ಈ ತೂತಿನಿಂದಲೇ ಆರಂಭಿಸುವುದು ಮೇಲೆಂದು ನನಗೆ ತೋರುತ್ತದೆ.

ಆ ಕಾಲದ ವಿಷಯವಾಗಿ ನಮ್ಮ ಅಜ್ಜಿಯವರನ್ನು ಕೇಳಿದಾಗಲೆಲ್ಲ ಅವರು ಕೊಡುತ್ತಿದ್ದ ಉತ್ತರ ಒಂದೇ: "ಯುದ್ಧ ನಡೆದದ್ದು ಎಲ್ಲಿಯೋ ಏನೋ ಕಾಣೆನಪ್ಪ; ಇಲ್ಲಿ ಮಾತ್ರ ಅಂಗಡಿಯವನ ಆಸೆಗೆ ಕಟ್ಟು ಇಲ್ಲದೆ ಹೋಯಿತು." ಅವರ ಮಾತು ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ. ಅಂಗಡಿಯವನ ಆಸೆಯು ಅವರು ಕಣ್ಣಾರೆ ಕಂಡ ವಸ್ತು. ಅವರ ಕಣ್ಣಿಗೆ ಬೀಳದೆ ಉಳಿದುದು, ಅವರ ಸೆರಗಿನ ಗಂಟಿನಲ್ಲಿದ್ದ ರೂಪಾಯಿಯೇ ದಿನೇದಿನೇ ಸವೆಯುತ್ತಿದ್ದ ಸಂಗತಿ. ಅಕ್ಕಿ ಏರಿತೆಂದು ಎಲ್ಲರೂ ಹೇಳಿದರು. ರೂಪಾಯಿ ಇಳಿಯಿತೆಂದು ಹೇಳಿದವರು ವಿರಳ.

ಯುದ್ಧಕ್ಕೆ ಮುಂಚಿನ ರೂಪಾಯಿಯು ತೂಕದಲ್ಲಿ ಸರಿಯಾಗಿ ಒಂದು ತೊಲೆ, ಎಂದರೆ 180 ಗ್ರೇನು. ಅದರಲ್ಲಿ 165 ಗ್ರೇನು ಅಪ್ಪಟ ಬೆಳ್ಳಿ. ಅದು ಹಣವಾಗಿದ್ದಂತೆಯೇ ತೂಕದ ಬಟ್ಟೂ ಆಗಿದ್ದಿತು. ಮೈಸೂರು ಸೀಮೆಯಲ್ಲಿ ಕಚ್ಚಾ ಸೇರೆಂದರೆ 24 ರೂಪಾಯಿ ತೂಕ. ಬೆಲ್ಲವನ್ನಾಗಲಿ ಹುಣಿಸೆಯನ್ನಾಗಲಿ ತೂಗುವಾಗ ನಾಣ್ಯವೇ ಪ್ರಮಾಣ. ಹೀಗೆ ಬೆಲೆಯನ್ನೂ ತೂಕವನ್ನೂ ಒಂದೇ ಬಿಲ್ಲೆಯಿಂದ ಅಳೆಯುತ್ತಿದ್ದ ಜನಕ್ಕೆ, ಆ ಬಿಲ್ಲೆಯೇ ಕುಗ್ಗಬಹುದೆಂಬ ಶಂಕೆಯು ಸ್ವಪ್ನದಲ್ಲಿಯೂ ಬರುವಂತಿರಲಿಲ್ಲ.

1940ನೆಯ ಜೂನ್ ತಿಂಗಳಲ್ಲಿ ಫ್ರಾನ್ಸು ದೇಶವು ಜರ್ಮನರಿಗೆ ಶರಣಾಗಲು, ಹಿಂದೂಸ್ಥಾನದಲ್ಲಿ ಜನರು ನೋಟುಗಳನ್ನು ಹಿಡಿದುಕೊಂಡು ಬೆಳ್ಳಿಯ ರೂಪಾಯಿಗಳಿಗಾಗಿ ಖಜಾನೆಗಳಿಗೂ ಬ್ಯಾಂಕುಗಳಿಗೂ ಮುತ್ತಿಗೆ ಹಾಕಿದರು. ಸರ್ಕಾರದವರು ಒಡನೆಯೇ, ಅವಶ್ಯಕತೆಗೆ ಮೀರಿ ನಾಣ್ಯವನ್ನು ಸಂಗ್ರಹಿಸುವುದು ಅಪರಾಧವೆಂದು ಸಾರಿದರು. ಒಂದು ರೂಪಾಯಿಯ ಕಾಗದವನ್ನು ಚಲಾವಣೆಗೆ ತಂದರು. ಅದೇ ವರ್ಷದಲ್ಲಿ ಪಾವಲಿ, ಅರ್ಧ, ರೂಪಾಯಿ ಮೂರರಲ್ಲಿಯೂ ಬೆಳ್ಳಿಯನ್ನು ಹನ್ನೆರಡರಲ್ಲಿ ಹನ್ನೊಂದು ಪಾಲಿನಿಂದ ಅರ್ಧಕ್ಕೆ ಇಳಿಸಿದರು. ವಿಕ್ಟೋರಿಯಾ ರಾಣಿಯ ರೂಪಾಯಿಗಳ ಚಲಾವಣೆಯು 1941ನೆಯ ಮಾರ್ಚ್ ಕೊನೆಗೆ ನಿಂತಿತು. ಮುಂದಿನ ಎರಡು ವರ್ಷಗಳಲ್ಲಿ ಎಡ್ವರ್ಡ್, ಜಾರ್ಜ್ ದೊರೆಗಳ ಹಳೆಯ ಬೆಳ್ಳಿ ರೂಪಾಯಿಗಳಿಗೂ ಅದೇ ಗತಿಯಾಯಿತು. ಅವುಗಳಲ್ಲಿ ಎಷ್ಟೋ ಸರ್ಕಾರಕ್ಕೆ ಹಿಂದಿರುಗದೆ ಅಕ್ಕಸಾಲಿಗರ ಮೂಸೆಯನ್ನು ಸೇರಿದುವು. ಕಾಲುಗೆಜ್ಜೆಯಾಗಿಯೋ ಪಂಚಪಾತ್ರೆಯಾಗಿಯೋ ರೂಪಾಂತರ ಹೊಂದಿ ಉಳಿದ ಆ ಬೆಳ್ಳಿಯೇ ಕೆಲವು ಸಂಸಾರಗಳಿಗೆ ಮುಂದೆ ಆಸರೆಯಾಯಿತೆಂಬುದನ್ನೂ ಹೇಳಬೇಕು.

ಬಳಿಕ ಬಂದುದು ಚಿಲ್ಲರೆಯ ಬರ. 1942ರ ಉತ್ತರಾರ್ಧದಲ್ಲಿ ಪೈಸೆ, ಅರ್ಧಾಣೆ, ಆಣೆಗಳು ಅಂಗಡಿಬೀದಿಯಿಂದ ಮಾಯವಾದುವು. ಸೈನ್ಯದ ಕೆಲಸಗಳಿಗೆ ಸೇರಿದ ಲಕ್ಷಾಂತರ ಕೂಲಿಗಾರರಿಗೆ ದಿನಗೂಲಿ ಕೊಡುವುದಕ್ಕೆ ಚಿಲ್ಲರೆಯು ಬೇಕಾಗಿದ್ದಿತು. ಹೆದರಿದವರು ಅದನ್ನು ಬಚ್ಚಿಟ್ಟರು. ತಾಮ್ರದ ಬೆಲೆಯೇರಲು ಕೆಲವರು ಕರಗಿಸಿದರು. ಎರಡು ಪೈಸೆಯ ಕೊತ್ತಂಬರಿಸೊಪ್ಪಿಗೆ ಪಾವಲಿಯನ್ನು ಕೊಟ್ಟರೆ ಹಿಂದಕ್ಕೆ ಕೊಡಲು ಕಾಸಿಲ್ಲ. ಒಂದೋ ಬೇಡದ ಸಾಮಾನು ಕೊಳ್ಳಬೇಕು, ಇಲ್ಲವೆ ಲೆಕ್ಕಕ್ಕೆ ಬರೆಯಿಸಿ ಬರಬೇಕು. ಅನೇಕ ಊರುಗಳಲ್ಲಿ ಅಂಚೆಯ ಚೀಟಿಗಳೇ ಚಿಲ್ಲರೆಯಾಗಿ ಕೈಯಿಂದ ಕೈಗೆ ಓಡಾಡಿದುವು. ಕಾಠೇವಾಡ, ರಾಜಪುತಾನಗಳ ಹಲವು ಸಂಸ್ಥಾನಗಳಲ್ಲಿ ರಟ್ಟಿನ ಚೂರುಗಳನ್ನೇ ಅಚ್ಚುಹಾಕಿ ಪೈಸೆಯೆಂದು ಚಲಾಯಿಸಿದರು. ಆಗ ಸರ್ಕಾರದವರು ತಾಮ್ರವನ್ನು ಉಳಿಸುವ ಉಪಾಯವನ್ನು ಕಂಡುಹಿಡಿದರು. ಹಳೆಯ ಪೈಸೆಯ ತೂಕ 75 ಗ್ರೇನು. 1943ರಲ್ಲಿ ಹೊರಟ ತೂತಿನ ಪೈಸೆಯ ತೂಕ ಸುಮಾರು 30 ಗ್ರೇನು. ಲೋಹದ ಅರ್ಧಕ್ಕಿಂತ ಹೆಚ್ಚು ಭಾಗ ಹೋಯಿತು. ಹೆಸರು ಮಾತ್ರ ಪೈಸೆಯೆಂದೇ ಉಳಿಯಿತು.

ರೂಪಾಯಿ ಇಳಿದುದಕ್ಕೆ ಬೆಳ್ಳಿ ಕಡಿಮೆಯಾದುದೇ ಕಾರಣವೆಂದು ವಾಚಕರು ಭಾವಿಸಬಾರದು. ಅದು ಹೊರಗಿನ ಚಿಹ್ನೆ. ಮೂಲವು ಲಂಡನ್ನಿನ ಲೆಕ್ಕದ ಪುಸ್ತಕದಲ್ಲಿದ್ದಿತು. ಯುದ್ಧದ ಆರಂಭದಲ್ಲಿಯೇ ಬ್ರಿಟನ್ನಿಗೂ ಹಿಂದೂಸ್ಥಾನ ಸರ್ಕಾರಕ್ಕೂ ಖರ್ಚಿನ ಹಂಚಿಕೆಯ ವಿಷಯವಾಗಿ ಒಂದು ಒಪ್ಪಂದವಾಯಿತು. ಇಲ್ಲಿ ಬ್ರಿಟನ್ನಿಗಾಗಿ ಕೊಂಡ ದವಸ, ಬಟ್ಟೆ, ಸಾಮಗ್ರಿಗಳಿಗೂ, ಹೊರದೇಶಗಳಲ್ಲಿ ಕಾದಾಡಿದ ಸೈನ್ಯಕ್ಕೂ ತಗಲುವ ವೆಚ್ಚವನ್ನು ಬ್ರಿಟನ್ನೇ ವಹಿಸತಕ್ಕದ್ದು. ನ್ಯಾಯವಾದ ಮಾತೇ. ಆದರೆ ಅವರು ಕೊಟ್ಟ ಹಣವು ಇಲ್ಲಿಗೆ ಬರಲಿಲ್ಲ. ಸ್ಟರ್ಲಿಂಗ್ ರೂಪದಲ್ಲಿ ಲಂಡನ್ನಿನಲ್ಲಿ ನಮ್ಮ ಹೆಸರಿಗೆ ಜಮೆಯಾಯಿತು. ಆ ಜಮೆಯ ಆಧಾರದ ಮೇಲೆ ರಿಸರ್ವ್ ಬ್ಯಾಂಕಿನವರು ನೋಟುಗಳನ್ನು ಅಚ್ಚುಹಾಕಿದರು. ಆ ನೋಟುಗಳಿಂದ ಇಲ್ಲಿಯ ಸಾಮಾನು ಕೊಳ್ಳಲ್ಪಟ್ಟು ಯುದ್ಧಕ್ಕೆ ಹೊರಟುಹೋಯಿತು. ಸಾಮಾನು ಹೋಯಿತು, ನೋಟು ಉಳಿಯಿತು. 1939ರಲ್ಲಿ ಸುಮಾರು 180 ಕೋಟಿ ರೂಪಾಯಿಗಳ ನೋಟುಗಳಿದ್ದ ದೇಶದಲ್ಲಿ ಯುದ್ಧ ಮುಗಿಯುವ ವೇಳೆಗೆ 1,100 ಕೋಟಿಗೂ ಮೀರಿ ನೋಟುಗಳಿದ್ದುವು. 1939ನೆಯ ಆಗಸ್ಟ್ ತಿಂಗಳ ಸಗಟು ಧಾರಣೆಯನ್ನು 100 ಎಂದು ಹಿಡಿದರೆ 1943–44ರ ಸರಾಸರಿ 236ರಷ್ಟಾಯಿತು. ಇದು ಸರ್ಕಾರದ ಸಗಟು ಲೆಕ್ಕ. ಕಾಳಸಂತೆಯಲ್ಲಿ ಕೊಂಡವರ ಲೆಕ್ಕ ಬೇರೆ.

ಇದನ್ನು ಆಗಲೇ ಕಂಡು ಹೇಳಿದವರಿದ್ದರು. ಮುಂಬಯಿಯ ಅರ್ಥಶಾಸ್ತ್ರಜ್ಞ ಸಿ. ಎನ್. ವಕೀಲರು 1943ರಲ್ಲಿ "ಬೀಳುತ್ತಿರುವ ರೂಪಾಯಿ" ಎಂಬ ಅರ್ಥದ ಹೆಸರಿನಿಂದಲೇ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅಧಿಕಾರಿಗಳಾದರೋ ದಾಸ್ತಾನುಗಾರರನ್ನೂ ಲಾಭಕೋರರನ್ನೂ ಬಹುಕಾಲ ದೂರುತ್ತಿದ್ದರು. ಈ ಒಂದು ವಿಷಯದಲ್ಲಿ ದೆಹಲಿಯ ಅಭಿಪ್ರಾಯವೂ ನಮ್ಮ ಅಜ್ಜಿಯವರ ಅಭಿಪ್ರಾಯವೂ ಒಂದೇ ಆಗಿದ್ದಿತೆಂಬುದು ಸೋಜಿಗ.

ನೋಟಿನ ಕಥೆಯೊಂದನ್ನೇ ಹೇಳಿ ಸರಕಿನ ಅಭಾವವನ್ನು ಮರೆತರೆ ಅನ್ಯಾಯವಾಗುತ್ತದೆ. 1942ನೆಯ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಯಿತು. ಬರ್ಮಾದಿಂದ ವರ್ಷಕ್ಕೆ ಸುಮಾರು ಹದಿನೈದು ಲಕ್ಷ ಟನ್ನು ಅಕ್ಕಿ ಬರುತ್ತಿದ್ದುದು ನಿಂತಿತು. ಅಲ್ಲಿಯ ಸೀಮೆಎಣ್ಣೆಯೂ ನಿಂತಿತು. ಬುಡ್ಡಿಯ ಬೆಳಕಿನಲ್ಲಿ ಓದುತ್ತಿದ್ದ ಹುಡುಗರು ಹರಳೆಣ್ಣೆಯ ದೀಪಕ್ಕೆ ಹಿಂದಿರುಗಿದರು. ಕಾಗದಕ್ಕೂ ನಿರ್ಬಂಧ ಬಂದು ಪತ್ರಿಕೆಗಳು ಬಡವಾದುವು. ಬಂಗಾಳದಲ್ಲಿ 1943ರಲ್ಲಿ ನಡೆದುದು ತುಟ್ಟಿಯೆಂಬ ಹೆಸರಿಗೆ ಮೀರಿದ ದುರಂತ: ಕ್ಷಾಮ ವಿಚಾರಣಾ ಸಮಿತಿಯವರು 1945ರಲ್ಲಿ ಸತ್ತವರನ್ನು ಸುಮಾರು ಹದಿನೈದು ಲಕ್ಷವೆಂದು ಎಣಿಸಿದರು, ಅನಂತರದ ಸಂಶೋಧಕರಲ್ಲಿ ಕೆಲವರು ಮೂವತ್ತು ಲಕ್ಷದ ವರೆಗೂ ಹೇಳಿರುವರು. ನಮ್ಮ ಕಡೆಯವರು ಪಟ್ಟ ಪಾಡನ್ನು ಬರೆಯುವಾಗ ಆ ಸಂಖ್ಯೆಯನ್ನು ಎದುರಿಗಿಟ್ಟುಕೊಳ್ಳುವುದು ಯುಕ್ತ.

ನಮ್ಮ ಪಾಡು ಸಾಲಿನಲ್ಲಿ ನಿಲ್ಲುವ ಪಾಡು. 1943ನೆಯ ಮೇ ತಿಂಗಳಲ್ಲಿ ಮುಂಬಯಿ ಪಟ್ಟಣದಲ್ಲಿ ಆರಂಭವಾದ ರೇಷನ್ ಪದ್ಧತಿಯು ಕ್ರಮೇಣ ಇತರ ಪಟ್ಟಣಗಳಿಗೂ ಹಬ್ಬಿತು. ಅದಕ್ಕೆ "ಪಡಿತರ"ವೆಂಬ ಕನ್ನಡ ಹೆಸರು ನಿಂತುದು ಸ್ವಾರಸ್ಯವಾಗಿದೆ. ದೇವಸ್ಥಾನಗಳಲ್ಲಿ ದೇವರ ನಿತ್ಯದ ನೈವೇದ್ಯಕ್ಕೆ ಗೊತ್ತುಮಾಡಿದ ಅಕ್ಕಿಬೇಳೆಗೆ ಪಡಿತರವೆಂಬ ವ್ಯವಹಾರ ಮೊದಲಿನಿಂದ ಉಂಟು. ಯುದ್ಧವು ದೇವರ ಪಾಲಿನ ಮಾತನ್ನು ಕಾರ್ಡುದಾರರಿಗೆ ಕೊಟ್ಟಿತು. ಮೊದಲು ಪ್ರಾಪ್ತವಯಸ್ಕನೊಬ್ಬನಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೆಂದಿದ್ದುದು 1946ರಲ್ಲಿ 12 ಔನ್ಸುಗಳಿಗೆ ಇಳಿಯಿತು. ಅಕ್ಕಿ ಉಣ್ಣುವವರ ಚೀಲಕ್ಕೆ ಗೋಧಿ ಬಿದ್ದಿತು. ಅದನ್ನು ಏನು ಮಾಡಬೇಕೆಂಬುದೇ ಅನೇಕ ಗೃಹಿಣಿಯರಿಗೆ ತಿಳಿಯದಾಯಿತು. ಅಕ್ಕಿ ಸಿಕ್ಕದ ಆ ಕಾಲದಲ್ಲಿಯೇ ರವೆಯ ಇಡ್ಲಿಯನ್ನು ಮಾಡಿದುದಾಗಿ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರು ಹೇಳುತ್ತಾರೆ. ಕಷ್ಟದಿಂದ ಹುಟ್ಟಿ ರುಚಿಗಾಗಿ ಉಳಿದುದು ಇದೊಂದೇ ಇರಬೇಕು.

ಕನ್ನಡಿಗರಿಗೆ ಇನ್ನೊಂದು ವಿಶೇಷವಾದ ತೊಡಕಿದ್ದಿತು. ನಾಡು ಆಗ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದಿತಷ್ಟೆ. ಪ್ರಾಂತದಿಂದ ಪ್ರಾಂತಕ್ಕೆ ಅಪ್ಪಣೆಯಿಲ್ಲದೆ ದವಸವನ್ನು ಸಾಗಿಸಕೂಡದೆಂಬ ಕಟ್ಟಳೆಯು ಬರಲು, ತುಂಗಭದ್ರೆಯ ಆಚೆಯ ದಡದ ಮಾವನು ಈಚೆಯ ಅಳಿಯನ ಮನೆಗೆ ಒಂದು ಚೀಲ ಜೋಳವನ್ನು ತಂದರೆ ಅದು ಕಳ್ಳಸಾಗಣೆ. ಅಷ್ಟೇ ಅಲ್ಲ, ಗುಲ್ಬರ್ಗ, ರಾಯಚೂರು, ಬೀದರಗಳಲ್ಲಿ ನಿಜಾಮರ ಹಾಲಿ ಸಿಕ್ಕ ನಡೆಯುತ್ತಿದ್ದಿತು. ಅದರ ಸುಮಾರು ಏಳು ರೂಪಾಯಿ ಬ್ರಿಟಿಷ್ ಆರಕ್ಕೆ ಸಮ. ನಾಣ್ಯ ಬೇರೆಯಾದರೂ ಕೊಂಡಿಯೊಂದೇ ಆದುದರಿಂದ, ರೂಪಾಯಿ ಬಿದ್ದಾಗ ಸಿಕ್ಕವೂ ಅದರ ಬೆನ್ನಹಿಂದೆಯೇ ಬಿದ್ದಿತು.

ಈ ತುಟ್ಟಿಯಲ್ಲಿ ಎಲ್ಲರೂ ಸಮನಾಗಿ ಬೆಂದರೆ? ಇಲ್ಲ. ಮಾರುವಷ್ಟು ದವಸವಿದ್ದ ಒಕ್ಕಲಿಗನು ಹಳೆಯ ಸಾಲವನ್ನು ಹಗುರಾದ ರೂಪಾಯಿಗಳಿಂದ ತೀರಿಸಿಕೊಂಡನು. ತುಂಡುಭೂಮಿಯವನಿಗೂ ಕೂಲಿಯವನಿಗೂ ಆ ಭಾಗ್ಯವಿಲ್ಲ. ಹೆಚ್ಚಾಗಿ ಕುಗ್ಗಿದವರಲ್ಲಿ ಶಾಲೆಯ ಉಪಾಧ್ಯಾಯರು, ಗುಮಾಸ್ತರು, ವಿಶ್ರಾಂತಿ ವೇತನದವರು, ಅಂಚೆಯ ಉಳಿತಾಯದ ಬಡ್ಡಿಯನ್ನು ನಂಬಿದ್ದ ವಿಧವೆಯರು ಇದ್ದರು. ನೌಕರರಿಗೆ "ತುಟ್ಟಿಭತ್ಯ"ವೆಂಬುದು ಆಗ ಬೇರೂರಿತು; ತಾತ್ಕಾಲಿಕವೆಂದು ಬಂದ ಆ ಮಾತು ಹೋಗಲೇ ಇಲ್ಲ. ವಿಧವೆಯ ಬಡ್ಡಿಗೆ ಮಾತ್ರ ಯಾವ ಭತ್ಯವೂ ಸೇರಲಿಲ್ಲ. ಲಂಡನ್ನಿನಲ್ಲಿ ಜಮೆಯಾದ ಹಣವು 1946ರ ಹೊತ್ತಿಗೆ 1,700 ಕೋಟಿ ರೂಪಾಯಿಗಳನ್ನು ಮೀರಿತು. ಸಾಲಗಾರ ದೇಶವು ಸಾಲಿಗ ದೇಶವಾಯಿತೆಂದು ಹೆಮ್ಮೆಪಟ್ಟವರಿದ್ದಾರೆ. ಆ ಸಾಲದ ಅಸಲು ಇಂತಹ ಮನೆಗಳ ಒಲೆಯಿಂದ ಹೋದುದೆಂದು ಯಾವ ಖಾತೆಯಲ್ಲಿಯೂ ಬರೆಯಲಿಲ್ಲ. ಕಾಳಸಂತೆಯ ಧನವನ್ನು ಹಿಡಿಯುವುದಕ್ಕೆಂದು 1946ನೆಯ ಜನವರಿಯಲ್ಲಿ 500, 1,000, 10,000 ರೂಪಾಯಿಗಳ ನೋಟುಗಳನ್ನು ರದ್ದುಮಾಡಿದರು. ಸುಮಾರು 144 ಕೋಟಿಗಳಲ್ಲಿ 135 ಕೋಟಿಗಳಷ್ಟು ಹೇಗೋ ಬದಲಾಗಿ ಹಿಂದಿರುಗಿದುವು. ಬಲೆಗೆ ಬಿದ್ದುದು ಅಲ್ಪ.

ಸ್ವಾತಂತ್ರ್ಯ ಬಂದ ಮೇಲೆ ಈ ನಿಯಂತ್ರಣಗಳೇ ಮೋಸಕ್ಕೂ ಕೃತಕ ಅಭಾವಕ್ಕೂ ತಾಯಿಯೆಂದು ಗಾಂಧೀಜಿಯವರು ದೆಹಲಿಯ ಪ್ರಾರ್ಥನಾಸಭೆಗಳಲ್ಲಿ ವಾದಿಸಿದರು. 1947ರ ಡಿಸೆಂಬರಿನಿಂದ ಒಂದೊಂದಾಗಿ ಕಟ್ಟುಗಳನ್ನು ಸಡಿಲಿಸಿದರು. ನವೆಂಬರಿನಲ್ಲಿ 302ರಷ್ಟಿದ್ದ ಸಗಟು ಧಾರಣೆಯ ಅಂಕವು ಮರುವರ್ಷದ ಜುಲೈ ವೇಳೆಗೆ 389ಕ್ಕೆ ನೆಗೆಯಿತು. ಆ ವರ್ಷವೇ ಸರ್ಕಾರವು ಕಟ್ಟುಗಳನ್ನು ಮತ್ತೆ ಬಿಗಿಮಾಡಬೇಕಾಯಿತು. ಮಹಾತ್ಮರು ಹೇಳಿದ ದೋಷಗಳೆಲ್ಲ ನಿಜವಾಗಿದ್ದುವು. ಆದರೆ ನೋಟಿನ ಹೊಳೆಯು ಒಳಗೆ ತುಂಬಿ ನಿಂತಿರುವಾಗ, ಕಟ್ಟೆ ಸೋರುವುದೆಂದು ಕಟ್ಟೆಯನ್ನೇ ಒಡೆದಂತಾಯಿತೆಂದು ನನ್ನ ಅಭಿಪ್ರಾಯ.

ತೂತಿನ ಪೈಸೆಯ ಅಚ್ಚು 1947ಕ್ಕೆ ನಿಂತಿತು. 1957ನೆಯ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾ ಪೈಸೆಗಳಾದುವು. ಹಳೆಯ ಒಂದು ಪೈಸೆಗೆ ಲೆಕ್ಕದ ಪ್ರಕಾರ ಒಂದೂವರೆಗೆ ತುಸು ಮೇಲೆ ಬರಬೇಕು. ಆದರೆ ಅರ್ಧದ ನಾಣ್ಯವಿಲ್ಲದುದರಿಂದ ಸರ್ಕಾರದ ಕೋಷ್ಟಕದಲ್ಲಿಯೇ ಅದನ್ನು ಎರಡೆಂದು ಬರೆದರು. ಒಂದೊಂದು ಪೈಸೆಯ ವ್ಯಾಪಾರವನ್ನೇ ಮಾಡುತ್ತಿದ್ದ ಮನೆಗಳವರು ಅಂದು ಬೆಳಗ್ಗೆ ಅದೇ ವೀಳ್ಯದೆಲೆಗೆ, ಅದೇ ಕರಿಬೇವಿಗೆ ಎರಡು ಹೊಸ ಕಾಸುಗಳನ್ನು ಎಣಿಸಿಕೊಟ್ಟು, ಅಂಗಡಿಯವನೊಡನೆ ಜಗಳವಾಡಿ ಮನೆಗೆ ಬಂದರು.