ಫ್ರಾಂಚೈಸಿ ಪಡೆಯುವ ಮುನ್ನ ವಕೀಲರ ಆಯ್ಕೆ: ತಿಳಿದಿರಬೇಕಾದ ಸಂಗತಿಗಳು

ಸಿದ್ಧ ಉಡುಪು, ಔಷಧಿ, ಸಿಹಿತಿಂಡಿ, ಕೋಚಿಂಗ್ ತರಗತಿ ಮುಂತಾದ ವ್ಯವಹಾರಗಳಲ್ಲಿ ಹೆಸರಾದ ಕಂಪನಿಯೊಂದರ ಹೆಸರಿನಲ್ಲಿ ಮಳಿಗೆ ನಡೆಸುವ ಹಕ್ಕೇ ಫ್ರಾಂಚೈಸಿ. ಹೆಸರು ಮತ್ತು ವ್ಯಾಪಾರದ ವಿಧಾನ ಕಂಪನಿಯದು. ಬಂಡವಾಳ, ಬಾಡಿಗೆ, ದುಡಿಮೆ ಮತ್ತು ನಷ್ಟದ ಹೊಣೆ ಪಡೆದವರದು. ಕುಟುಂಬದ ಉಳಿತಾಯ ತೊಡಗಿಸುವ, ಕೆಲವೊಮ್ಮೆ ಮನೆಯನ್ನೇ ಅಡವಿಡುವ ಈ ವ್ಯವಹಾರದಲ್ಲಿ ವಕೀಲರನ್ನು ಕಾಣಬೇಕಾದುದು ತಕರಾರು ಬಂದ ಮೇಲಲ್ಲ, ಮುಂಗಡ ಕೊಡುವ ಮೊದಲು.

ಕಾನೂನು ಏನು ಹೇಳುತ್ತದೆ?

ಅಮೆರಿಕದಲ್ಲಿ ಸಹಿ ಅಥವಾ ಹಣ ಪಾವತಿಗೆ ಕನಿಷ್ಠ 14 ದಿನ ಮೊದಲು ಕಂಪನಿಯು ತನ್ನ ಪೂರ್ಣ ವಿವರಗಳ ದಾಖಲೆಯನ್ನು ಕೊಡಲೇಬೇಕು. ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. 1872ರ ಕರಾರು ಕಾಯ್ದೆ, 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಂತಹ ಸಾಮಾನ್ಯ ಕಾನೂನುಗಳೇ ಆಧಾರ. ಹೀಗಾಗಿ ಕಂಪನಿಯಿಂದ ಯಾವ ದಾಖಲೆ ಕೇಳಬೇಕೆಂದು ಬಲ್ಲ ವಕೀಲರು ಅಗತ್ಯ.

ಯಾರು ಸೂಕ್ತ?

ಆಸ್ತಿ ವಿಭಾಗದ ದಾವೆಗಳಲ್ಲಿ ನುರಿತ ಕುಟುಂಬದ ವಕೀಲರು ವಾಣಿಜ್ಯ ಕರಾರುಗಳಲ್ಲಿಯೂ ನುರಿತಿರಬೇಕೆಂದಿಲ್ಲ. ದೊಡ್ಡ ಕಾನೂನು ಸಂಸ್ಥೆಯೇ ಬೇಕೆಂದೂ ಇಲ್ಲ. ವಕೀಲರು ಜಾಹೀರಾತು ನೀಡಿ ಕೆಲಸ ಕೇಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಆದ್ದರಿಂದ ಪ್ರಚಾರ ನೋಡಿ ಆರಿಸುವುದಕ್ಕಿಂತ ಈಗಾಗಲೇ ಫ್ರಾಂಚೈಸಿ ನಡೆಸುತ್ತಿರುವವರನ್ನು ವಿಚಾರಿಸುವುದು ಲೇಸು. ಕಂಪನಿಯವರೇ ಸೂಚಿಸಿದ ವಕೀಲರು ಮಾತ್ರ ಬೇಡ.

ಮೊದಲ ಭೇಟಿಯಲ್ಲಿ ಕೇಳಬೇಕಾದ ಪ್ರಶ್ನೆಗಳು

1. ಫ್ರಾಂಚೈಸಿ ಪಡೆಯುವವರ ಪರವಾಗಿ ಇಂತಹ ಕರಾರುಗಳನ್ನು ಪರಿಶೀಲಿಸಿದ ಅನುಭವ ಇದೆಯೇ?
2. ಇದೇ ಕಂಪನಿಗೆ ಈ ಹಿಂದೆ ಕೆಲಸ ಮಾಡಿದ್ದೀರಾ?
3. ಕರಾರನ್ನು ಓದುವವರು ತಾವೋ, ಕಚೇರಿಯ ಕಿರಿಯರೋ?
4. ಶುಲ್ಕ ಎಷ್ಟು? ತಿದ್ದುಪಡಿಗಳ ಮಾತುಕತೆಯೂ ಅದರಲ್ಲಿ ಸೇರಿದೆಯೇ? (ಗೆದ್ದು ಬಂದ ಹಣದಲ್ಲಿ ಪಾಲು ಕೇಳುವುದಕ್ಕೆ ವಕೀಲರಿಗೆ ನಿಯಮದಲ್ಲಿ ಅವಕಾಶವಿಲ್ಲ.)

ಸಲಹೆಯಲ್ಲಿ ಏನಿರಬೇಕು?

ಹೆಸರಿನ ಒಡೆತನ: ಟ್ರೇಡ್‌ಮಾರ್ಕ್ ನೋಂದಣಿಯಾಗಿದೆಯೇ, ಯಾರ ಹೆಸರಿನಲ್ಲಿದೆ ಎಂಬುದನ್ನು ಸಾರ್ವಜನಿಕ ದಾಖಲೆಯಲ್ಲಿ ಶುಲ್ಕವಿಲ್ಲದೆ ನೋಡಬಹುದು.

ಅವಧಿ: ಫ್ರಾಂಚೈಸಿ ಐದು ವರ್ಷಕ್ಕೆ, ಮಳಿಗೆಯ ಬಾಡಿಗೆ ಕರಾರು ಒಂಬತ್ತು ವರ್ಷಕ್ಕೆ ಇದ್ದರೆ ಉಳಿದ ನಾಲ್ಕು ವರ್ಷದ ಹೊರೆ ಯಾರದು?

ಮುಕ್ತಾಯ: ಕರಾರು ಮುಗಿದಾಗ ಠೇವಣಿ ಮರಳುತ್ತದೆಯೇ? ಉಳಿದ ದಾಸ್ತಾನನ್ನು ಕಂಪನಿ ಹಿಂಪಡೆಯುತ್ತದೆಯೇ?

ವೈಯಕ್ತಿಕ ಜಾಮೀನು: ವ್ಯವಹಾರದ ಬಾಕಿಗೆ ಮನೆಮಂದಿಯ ಆಸ್ತಿ ಹೊಣೆಯಾಗುತ್ತದೆಯೇ?

ಮುಂದಿನ ವ್ಯಾಪಾರ: ಫ್ರಾಂಚೈಸಿ ಬಿಟ್ಟ ಮೇಲೆ ಅದೇ ಬಗೆಯ ವ್ಯಾಪಾರ ಮಾಡಬಾರದೆಂಬ ಷರತ್ತು ಇದ್ದರೆ, ಕರಾರು ಕಾಯ್ದೆಯ 27ನೇ ಕಲಮಿನಡಿ ಅದು ನಿಲ್ಲುತ್ತದೆಯೇ ಎಂಬ ಅಭಿಪ್ರಾಯ ಬೇಕು.

ವ್ಯಾಜ್ಯದ ಸ್ಥಳ: ಆರ್ಬಿಟ್ರೇಷನ್ ದೆಹಲಿಯಲ್ಲಿ ಎಂದು ಬರೆದಿದ್ದರೆ ಹುಬ್ಬಳ್ಳಿಯ ವ್ಯಾಪಾರಿ ಅಲ್ಲಿಗೇ ಹೋಗಬೇಕಾದೀತು. ಆರ್ಬಿಟ್ರೇಷನ್ ಷರತ್ತು ಇಲ್ಲದಿದ್ದರೆ, 3 ಲಕ್ಷ ರೂಪಾಯಿ ಅಥವಾ ಹೆಚ್ಚಿನ ಮೊತ್ತದ ಫ್ರಾಂಚೈಸಿ ವ್ಯಾಜ್ಯಗಳು 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ತುರ್ತು ಪರಿಹಾರ ಕೋರದ ಪ್ರಕರಣಗಳಲ್ಲಿ ದಾವೆಗೆ ಮೊದಲು ಮಧ್ಯಸ್ಥಿಕೆ ಕಡ್ಡಾಯ.

ಆಹಾರ ಮಳಿಗೆಯಾದರೆ

ಏನು ಮಾರಬೇಕೆಂದು ನಿರ್ಧರಿಸುವುದು ಸಾಮಾನ್ಯವಾಗಿ ಕಂಪನಿ. ಇಂದು ಶುದ್ಧ ಸಸ್ಯಾಹಾರಿಯಾದ ಬೇಕರಿಯ ಪಟ್ಟಿಗೆ ನಾಳೆ ಮೊಟ್ಟೆಯ ಕೇಕ್ ಸೇರಬಹುದು. ನಿರಾಕರಿಸಿದರೆ ಕರಾರು ಉಲ್ಲಂಘನೆಯ ನೋಟಿಸ್ ಬರಬಹುದು. ಅಹಿಂಸಾ ವ್ರತ ಪಾಲಿಸುವ ಕುಟುಂಬಗಳು ಮೊಟ್ಟೆ, ಮಾಂಸ, ಮದ್ಯ ಮಾರಲು ಒತ್ತಾಯಿಸಬಾರದೆಂಬ ಷರತ್ತನ್ನು ಸಹಿಗೆ ಮೊದಲೇ ಬರೆಸಿಕೊಳ್ಳಬೇಕು. ಬಾಯಿಮಾತಿನ ಭರವಸೆಯನ್ನು ಮುಂದೆ ಸಾಬೀತು ಮಾಡುವುದು ಕಷ್ಟ.

ಕೊನೆಯದಾಗಿ, ಸಲಹೆಯನ್ನು ಬರವಣಿಗೆಯಲ್ಲಿಯೇ ಪಡೆದು, ಹಣ ಹಾಕುವ ಮತ್ತು ಜಾಮೀನು ನಿಲ್ಲುವ ಮನೆಯವರೆಲ್ಲ ಕೂತು ಓದಬೇಕು. ಎಲ್ಲವನ್ನೂ ಪರಿಶೀಲಿಸಿ “ಇದು ಬೇಡ” ಎಂದ ವಕೀಲರಿಗೆ ಕೊಟ್ಟ ಶುಲ್ಕ ವ್ಯರ್ಥವಲ್ಲ. ಉಳಿದ ಬಂಡವಾಳದ ಮುಂದೆ ಅದು ಅಲ್ಪವೇ.