ಬಂದ ದಾರಿಯ ಗುರುತು: ಅನಿರೀಕ್ಷಿತ ಹಣದ ಅಧ್ಯಯನ ನಡೆದುಬಂದ ಬಗೆ

ನಿಯತ ಆದಾಯದ ಹೊರಗೆ, ಎಣಿಸದೆ ಕೈಸೇರುವ ಹಣವನ್ನು ಜನರು ಹೇಗೆ ಬಳಸುತ್ತಾರೆ ಎಂಬ ಪ್ರಶ್ನೆ ಮೊದಲು ಎದ್ದದ್ದು ಮನಶ್ಶಾಸ್ತ್ರದಲ್ಲಲ್ಲ, ಅರ್ಥಶಾಸ್ತ್ರದ ಸಿದ್ಧಾಂತವೊಂದನ್ನು ಒರೆಗೆ ಹಚ್ಚುವ ಪ್ರಯತ್ನದಲ್ಲಿ. 1957ರಲ್ಲಿ ಮಿಲ್ಟನ್ ಫ್ರೀಡ್‌ಮನ್ ಮಂಡಿಸಿದ ಶಾಶ್ವತ ಆದಾಯ ಸಿದ್ಧಾಂತದ ಪ್ರಕಾರ, ಕುಟುಂಬಗಳು ಆಯಾ ತಿಂಗಳ ಗಳಿಕೆಗೆ ತಕ್ಕಂತೆ ಕೈ ಬಿಚ್ಚುವುದಿಲ್ಲ. ಬಹುಕಾಲ ಸರಾಸರಿ ಇಷ್ಟು ಬರುತ್ತದೆಂದು ತಾವು ನೆಚ್ಚಿಕೊಂಡ ಆದಾಯಕ್ಕೆ ಹೊಂದುವಂತೆ ಬದುಕುತ್ತವೆ. ಆದ್ದರಿಂದ ಒಮ್ಮೆ ಮಾತ್ರ ಬರುವ ಹಣದ ಬಹುಪಾಲು ಉಳಿತಾಯಕ್ಕೆ ಸೇರಬೇಕು. ಯಾವ ಮೂಲದಿಂದ ಬಂದರೂ ಹಣ ಹಣವೇ, ಒಂದರ ಬದಲು ಇನ್ನೊಂದು ನಿಲ್ಲಬಲ್ಲದು ಎಂಬ ಗ್ರಹಿಕೆ ಈ ವಾದಕ್ಕೆ ಆಧಾರವಾಗಿತ್ತು.

ವಾದವನ್ನು ಪರೀಕ್ಷಿಸಲು ದೊರೆತ ಸಂದರ್ಭಗಳು ಪರಸ್ಪರ ವಿರುದ್ಧವಾದ ಉತ್ತರ ಕೊಟ್ಟವು. ಎರಡನೆಯ ಮಹಾಯುದ್ಧದಲ್ಲಿ ದುಡಿದ ಅಮೆರಿಕದ ಸೈನಿಕರಿಗೆ 1950ರಲ್ಲಿ ವಿಮಾ ನಿಧಿಯಿಂದ ಬಂದ ಲಾಭಾಂಶವನ್ನು ಪರಿಶೀಲಿಸಿದ ರೊನಾಲ್ಡ್ ಬಾಡ್ಕಿನ್, ಅದರ ಹೆಚ್ಚಿನ ಭಾಗ ಖರ್ಚಾಯಿತೆಂದು 1959ರಲ್ಲಿ ತೋರಿಸಿದರೆ, ಪಶ್ಚಿಮ ಜರ್ಮನಿಯಿಂದ ಪರಿಹಾರ ಪಡೆದ ಇಸ್ರೇಲಿನ ಕುಟುಂಬಗಳು ಅದರ ಸಣ್ಣ ಪಾಲನ್ನಷ್ಟೇ ವೆಚ್ಚ ಮಾಡಿದ್ದವೆಂದು ಮೊರ್ಡೆಕೈ ಕ್ರೈನಿನ್ 1961ರಲ್ಲಿ ಬರೆದರು. ತೊಡಕನ್ನು ಬಿಡಿಸುವ ಎಳೆ ಸಿಕ್ಕಿದ್ದು 1966ರಲ್ಲಿ, ಮೈಕೆಲ್ ಲ್ಯಾಂಡ್ಸ್‌ಬರ್ಗರ್ ಆ ಕುಟುಂಬಗಳನ್ನು ಪರಿಹಾರದ ಗಾತ್ರಕ್ಕನುಗುಣವಾಗಿ ವಿಂಗಡಿಸಿ ನೋಡಿದಾಗ. ವಾರ್ಷಿಕ ಆದಾಯದ ಸುಮಾರು ಶೇ. 66ರಷ್ಟು ಪಡೆದವರು ಅದರಲ್ಲಿ ಶೇ. 23ರಷ್ಟನ್ನು ಖರ್ಚು ಮಾಡಿದ್ದರು, ಕೇವಲ ಶೇ. 7ರಷ್ಟು ಪಡೆದವರ ಖರ್ಚು ಬಂದ ಮೊತ್ತದ ಎರಡು ಪಟ್ಟನ್ನೂ ಮೀರಿತ್ತು. ಸಣ್ಣ ಮೊತ್ತ ತಾನು ಖರ್ಚಾದದ್ದಲ್ಲದೆ ಗಂಟಿನಲ್ಲಿದ್ದ ಹಣವನ್ನೂ ಹೊರಗೆಳೆದಿತ್ತು.

ಇದಕ್ಕೆ ಒಪ್ಪುವ ವಿವರಣೆ ಬರಲು ಎರಡು ದಶಕ ಬೇಕಾಯಿತು. ಹತ್ತು ಡಾಲರಿನ ನಾಟಕದ ಟಿಕೆಟನ್ನು ಕಳೆದುಕೊಂಡವರು ಮತ್ತೊಂದು ಕೊಳ್ಳುವರೇ ಎಂದು ಆಮೊಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನಮನ್ 1981ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಕೇಳಿದಾಗ ಹೌದೆಂದವರು ಶೇ. 46, ಕಳೆದದ್ದು ಹತ್ತು ಡಾಲರಿನ ನೋಟು ಎಂದಾಗ ಶೇ. 88. ನಷ್ಟ ಒಂದೇ ಆದರೂ ಮನಸ್ಸು ಅದನ್ನು ಬೇರೆಬೇರೆ ಖಾತೆಗೆ ಬರೆದುಕೊಳ್ಳುತ್ತದೆ. ಇದನ್ನೇ ರಿಚರ್ಡ್ ಥೇಲರ್ 1985ರಲ್ಲಿ ಮಾನಸಿಕ ಲೆಕ್ಕಪದ್ಧತಿ ಎಂಬ ವ್ಯವಸ್ಥಿತ ಚಿಂತನೆಯಾಗಿ ಬೆಳೆಸಿದರು. 1988ರಲ್ಲಿ ಅವರೂ ಹರ್ಶ್ ಶೆಫ್ರಿನ್ ಅವರೂ ಸೇರಿ, ಮನೆಗಳು ಹಣವನ್ನು ಸದ್ಯದ ಆದಾಯ, ಕೂಡಿಟ್ಟ ಆಸ್ತಿ, ಮುಂದಿನ ಆದಾಯ ಎಂದು ಮೂರಾಗಿ ಕಾಣುತ್ತವೆ, ಮೊದಲನೆಯದನ್ನು ಮುಟ್ಟಲು ಹಿಂಜರಿಯುವುದಿಲ್ಲ, ಉಳಿದೆರಡನ್ನು ಮುಟ್ಟಲು ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ ಎಂದು ವಾದಿಸಿದರು. ಸಣ್ಣ ಮೊತ್ತ ಸದ್ಯದ ಆದಾಯದಲ್ಲಿ ಬೆರೆತುಹೋಗುತ್ತದೆ, ದೊಡ್ಡದು ಆಸ್ತಿಯ ಗೌರವ ಪಡೆಯುತ್ತದೆ ಎಂದು ತಿಳಿದಾಗ ಇಸ್ರೇಲಿನ ಅಂಕಿಗಳು ಒಗಟಾಗಿ ಉಳಿಯುವುದಿಲ್ಲ.

ಹಣದ ಗಾತ್ರದಿಂದ ಅದರ ಮೂಲದತ್ತ ನೋಟ ಹೊರಳಿಸಿದವರಲ್ಲಿ ಸಮಾಜಶಾಸ್ತ್ರಜ್ಞೆ ವಿವಿಯಾನಾ ಝೆಲೈಝರ್ ಮುಖ್ಯರು. ಸಂಬಂಧಗಳೇ ಹಣಕ್ಕೆ ಗುರುತು ಹಚ್ಚಿ, ಇದು ಇಂಥದ್ದಕ್ಕೇ ಎಂದು ಮೀಸಲಿಡುತ್ತವೆ ಎಂಬ 1994ರ ಅವರ ಪ್ರತಿಪಾದನೆ, ಪ್ರಯೋಗಾಲಯದ ಎಷ್ಟೋ ಫಲಿತಾಂಶಗಳಿಗಿಂತ ಬದುಕಿಗೆ ಹತ್ತಿರವಾದದ್ದು. 2009ರಲ್ಲಿ ಜೊನಾಥನ್ ಲೆವಾವ್ ಮತ್ತು ಪೀಟರ್ ಮೆಕ್‌ಗ್ರಾ, ಕಾಯಿಲೆಬಿದ್ದ ಬಂಧುವಿನಿಂದ ಬಂದಂಥ, ನೋವಿನ ನೆನಪು ಅಂಟಿದ ಹಣವನ್ನು ಜನರು ಮೋಜಿಗೆ ಬಳಸಲು ಹಿಂಜರಿದು ಓದಿನಂಥ ಸತ್ಕಾರ್ಯಕ್ಕೆ ಹಾಕಲು ಬಯಸುತ್ತಾರೆಂದು ತೋರಿಸಿದರು.

ಹೆಸರಿಗೂ ಇಂಥದೇ ಬಲವಿದೆ. ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ 50 ಡಾಲರ್ ಕೊಟ್ಟು, ಕೆಲವರಿಗೆ ಅದು ಶುಲ್ಕದ ಮರುಪಾವತಿಯೆಂದೂ ಉಳಿದವರಿಗೆ ಬೋನಸ್ ಎಂದೂ ತಿಳಿಸಲಾಗಿತ್ತು. ವಾರದ ನಂತರ ವಿಚಾರಿಸಿದಾಗ ಮೊದಲಿನವರ ಖರ್ಚು ಸರಾಸರಿ 9.55 ಡಾಲರ್, ಎರಡನೆಯವರದು 22.04. ತಮ್ಮ ಹಣವೇ ಮರಳಿತೆಂದುಕೊಂಡವರು ಹಿಂದಿನ ಸ್ಥಿತಿಗೆ ಬಂದರು. ಬೋನಸ್ ಪಡೆದವರು ಮೇಲೇರಿದಂತೆ ಭಾವಿಸಿದರು. ಭಾರತದಲ್ಲಿ ಕಾಯ್ದೆ ಕಡ್ಡಾಯ ಮಾಡಿದ ಶೇ. 8.33ರ ಕನಿಷ್ಠ ಬೋನಸ್ ವರ್ಷದ ಸಂಬಳದ ಹನ್ನೆರಡನೆಯ ಒಂದು ಭಾಗವೇ ಆಗಿದ್ದು, ಕಾನೂನಿನ ಕಣ್ಣಿನಲ್ಲಿ ಕಾರ್ಮಿಕನ ಹಕ್ಕು; ಆದರೂ ಹಬ್ಬದ ಆಸುಪಾಸಿನಲ್ಲಿ ಬೇರೆ ಹೆಸರಿನಲ್ಲಿ ಕೈಗೆ ಬರುವ ಆ ಹಣ ಸಂಬಳದಂತೆ ಅಕ್ಕಿ-ಬೇಳೆಯ ಲೆಕ್ಕಕ್ಕೆ ಹೋಗದೆ ಬಟ್ಟೆಬರೆಗೆ, ಬಹುದಿನ ಮುಂದೂಡಿದ ವಸ್ತುವಿಗೆ ಮೀಸಲಾಗುವುದನ್ನು ಈ ಸಂಶೋಧನೆಯ ಬೆಳಕಿನಲ್ಲಿ ಅರ್ಥಮಾಡಿಕೊಳ್ಳಬಹುದು.

ಇಂಥ ಖರ್ಚನ್ನು ದುಂದು ಎಂದು ಕರೆಯುವ ಆತುರ ಸಲ್ಲದು. ಕೈಯಲ್ಲಿ ಕೂಡಲೇ ಬಳಸಬಹುದಾದ ಹಣವಿಲ್ಲದವರ ಪಾಲಿಗೆ ಹೆಚ್ಚುವರಿ ಹಣವೆಂಬುದು ತಡೆಹಿಡಿದ ಅಗತ್ಯಗಳಿಗೆ ಬಾಗಿಲು ತೆರೆದಂತೆ. ನಾರ್ವೆಯ ಲಾಟರಿ ವಿಜೇತರ ತೆರಿಗೆ ದಾಖಲೆಗಳನ್ನು ಆಧರಿಸಿ ಆಂಡ್ರಿಯಾಸ್ ಫಾಗರೆಂಗ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಳಿತಾಯ ಕಡಿಮೆಯಿದ್ದು ಸುಮಾರು 1,500 ಡಾಲರಿನಷ್ಟು ಸಣ್ಣ ಬಹುಮಾನ ಪಡೆದವರು ಅದೇ ವರ್ಷ ಅದಷ್ಟನ್ನೂ ಖರ್ಚು ಮಾಡಿದ್ದರೆಂದು ಅಂದಾಜಾಯಿತು. ಆದರೆ ಬ್ಯಾಂಕಿನಲ್ಲಿ ಸಾಕಷ್ಟು ಹಣವಿದ್ದು ದೊಡ್ಡ ಬಹುಮಾನ ಗೆದ್ದವರೂ ಅರ್ಧಕ್ಕೆ ತುಸು ಕಡಿಮೆಯಷ್ಟನ್ನು ಅದೇ ವರ್ಷ ವೆಚ್ಚ ಮಾಡಿದ್ದರು, ಮತ್ತು ಆ ಪಾಲನ್ನು ಕೊರತೆಯೊಂದರಿಂದಲೇ ವಿವರಿಸಲು ಬರುವುದಿಲ್ಲ.